ಮಲೆನಾಡಿನ ಬೆಳಕಿಗೆ ಎಚ್‌ಡಿಆರ್: ನೆರಳು ಬೆಳಕಿನ ತರತಮ ಕೆಡದಂತೆ ಚಿತ್ರ ಸಂಸ್ಕರಿಸುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಭಾಗದ ಹವ್ಯಾಸಿ ಛಾಯಾಗ್ರಾಹಕರು ತೋರಿಸುವ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್, ಅಂದರೆ ಒಂದೇ ದೃಶ್ಯವನ್ನು ಹೆಚ್ಚು ಕಡಿಮೆ ಬೆಳಕು ಕೊಟ್ಟು ಹಲವು ಬಾರಿ ತೆಗೆದು ಒಂದಾಗಿ ಬೆಸೆದ) ಚಿತ್ರಗಳಲ್ಲಿ ಒಂದೇ ಬಗೆಯ ದೋಷಗಳು ಮತ್ತೆ ಮತ್ತೆ ಕಾಣಿಸುತ್ತಿವೆ. ಅಡಿಕೆ ಮರದ ತಲೆಯ ಸುತ್ತ ಬಿಳಿಯ ಅಂಚು, ಮಳೆಮೋಡದ ಮೇಲೆ ಮಸಿ ಬಳಿದಂಥ ಬೂದು ಬಣ್ಣ, ಸಂಜೆಗತ್ತಲಿನಲ್ಲೂ ಹೊಳೆಯುವ ಗದ್ದೆಯ ಹಸಿರು, ದೇವಸ್ಥಾನದ ಒಳಗೆ ನೆರಳೇ ಇಲ್ಲದ ಕಂಬಗಳು. ಇದಕ್ಕೆ ತಂತ್ರಾಂಶವನ್ನು ದೂರುವುದು ಸುಲಭವಾದರೂ, ಬಹುಪಾಲು ದೋಷಗಳು ಕೆಲಸದ ಕ್ರಮ ತಪ್ಪಿದ್ದರಿಂದ ಹುಟ್ಟಿದವು: ಅಗತ್ಯವಿಲ್ಲದ ದೃಶ್ಯಕ್ಕೆ ಎಚ್‌ಡಿಆರ್ ಬಳಸಲಾಗಿದೆ, ಬೆಳಕನ್ನು ಅಳೆಯದೆ ಅಂದಾಜಿನಲ್ಲಿ ಮೂರು ಚಿತ್ರ ತೆಗೆಯಲಾಗಿದೆ, ಬೆಸೆದ ಮೇಲೆ ಎಲ್ಲ ಹೊಂದಿಕೆಗಳನ್ನೂ ಒಮ್ಮೆಲೇ ಏರಿಸಲಾಗಿದೆ.

ಇಲ್ಲಿನ ಎಲ್ಲ ಹಂತಗಳಿಗೂ ಆಧಾರವಾಗಿರುವ ನಿಯಮ ಒಂದೇ. ಸ್ಥಳದಲ್ಲಿ ಯಾವುದು ಯಾವುದಕ್ಕಿಂತ ಬೆಳಕಾಗಿತ್ತೋ ಚಿತ್ರದಲ್ಲಿಯೂ ಅದು ಹಾಗೆಯೇ ಉಳಿಯಬೇಕು. ಬೆಳಕಿಗೂ ನೆರಳಿಗೂ ಇರುವ ಅಂತರವನ್ನು ನಾವು ಕುಗ್ಗಿಸಬಹುದು. ಅವುಗಳ ತರತಮವನ್ನು ಅದಲುಬದಲು ಮಾಡಬಾರದು. ನೋಡುಗರಿಗೆ ತಾಂತ್ರಿಕ ಕಾರಣ ತಿಳಿಯದಿದ್ದರೂ, ಈ ತರತಮ ಕೆಟ್ಟ ಕೂಡಲೇ ಚಿತ್ರ ಸುಳ್ಳೆಂದು ಅವರ ಕಣ್ಣಿಗೆ ಗೊತ್ತಾಗುತ್ತದೆ.

ಹಂತ 1: ಎಚ್‌ಡಿಆರ್ ಬೇಕೇ ಬೇಡವೇ ಎಂದು ನಿರ್ಧರಿಸಿ

ಬೆಳಕಿನ ಅಂತರವನ್ನು ಸ್ಟಾಪ್‌ಗಳಲ್ಲಿ ಎಣಿಸುತ್ತೇವೆ. ಒಂದು ಸ್ಟಾಪ್ ಹೆಚ್ಚಾದರೆ ಬೆಳಕು ಎರಡು ಪಟ್ಟಾಗುತ್ತದೆ. ಹಾಗಾಗಿ 10 ಸ್ಟಾಪ್ ಅಂತರವೆಂದರೆ 1,024 ಪಟ್ಟು. ಇಂದಿನ ಒಳ್ಳೆಯ ಕ್ಯಾಮೆರಾಗಳು ಕಡಿಮೆ ಐಎಸ್‌ಒದಲ್ಲಿ (ಬೆಳಕಿಗೆ ಸ್ಪಂದಿಸುವ ಮಟ್ಟ) ತೆಗೆದ ರಾ ಫೈಲಿನಲ್ಲಿ (ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಮೂಲ ಫೈಲ್) ಸುಮಾರು 12ರಿಂದ 14 ಸ್ಟಾಪ್‌ಗಳಷ್ಟು ಅಂತರವನ್ನು ಹಿಡಿದಿಡುತ್ತವೆ. ದೃಶ್ಯದ ಅಂತರ ಇದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಹಲವು ಚಿತ್ರಗಳನ್ನು ಬೆಸೆಯುವ ಅಗತ್ಯವೇ ಇಲ್ಲ.

ಮಲೆನಾಡಿನಲ್ಲಿ ವರ್ಷದ ಬಹುಭಾಗ ಇದೇ ಸ್ಥಿತಿ. ಮುಂಗಾರಿನ ದಟ್ಟ ಮೋಡದ ಕೆಳಗೆ, ಆಗುಂಬೆಯ ಅಥವಾ ಕೊಡಚಾದ್ರಿಯ ಮಂಜಿನಲ್ಲಿ ಬೆಳಕಿನ ಅಂತರ ತೀರ ಕಡಿಮೆಯಿರುತ್ತದೆ. ಮಂಜಿನ ಸೊಗಸು ಇರುವುದೇ ಆ ಕಡಿಮೆ ಅಂತರದಲ್ಲಿ. ಅದರ ಮೇಲೆ ಎಚ್‌ಡಿಆರ್ ಹೇರಿದರೆ ಮಂಜಿನ ಪದರಗಳು ಹರಿದು, ಹಿಂದಿನ ಮರಗಳು ಅನಗತ್ಯವಾಗಿ ಮುಂದೆ ಬಂದು ನಿಲ್ಲುತ್ತವೆ. ಮಂಜಿಗೆ ಒಂದೇ ಚಿತ್ರ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಚ್‌ಡಿಆರ್ ನಿಜವಾಗಿ ನೆರವಿಗೆ ಬರುವ ಸನ್ನಿವೇಶಗಳು ಬೇರೆ. ಇಕ್ಕೇರಿಯ ಅಘೋರೇಶ್ವರ ಅಥವಾ ಕೆಳದಿಯ ರಾಮೇಶ್ವರ ದೇವಸ್ಥಾನದ ಒಳಗೆ ನಿಂತು ಬಿಸಿಲು ಬಿದ್ದ ಬಾಗಿಲ ಕಡೆಗೆ ನೋಡುವಾಗ, ತೊಟ್ಟಿ ಮನೆಯಲ್ಲಿ ತೊಟ್ಟಿಯ ಬೆಳಕನ್ನೂ ಜಗಲಿಯ ಮಬ್ಬನ್ನೂ ಒಟ್ಟಿಗೆ ಹಿಡಿಯುವಾಗ, ಅಡಿಕೆ ತೋಟದೊಳಗಿನಿಂದ ತೆರೆದ ಆಕಾಶ ಕಾಣುವಾಗ, ಸೂರ್ಯ ಎದುರಿಗಿದ್ದು ಬೆಟ್ಟದ ಇಳಿಜಾರು ನೆರಳಿನಲ್ಲಿರುವಾಗ ಒಂದೇ ಚಿತ್ರಕ್ಕೆ ಎಲ್ಲವನ್ನೂ ಹಿಡಿಯಲಾಗದು.

ಅನುಮಾನವಿದ್ದರೆ ಹೀಗೆ ಪರೀಕ್ಷಿಸಿ. ದೃಶ್ಯದ ಅತ್ಯಂತ ಬೆಳಕಿನ ಭಾಗ ಸುಟ್ಟುಹೋಗದಂತೆ, ಅಂದರೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ಬಲಗಡೆಯ ಗೋಡೆಗೆ ತಾಗದಂತೆ, ಒಂದು ರಾ ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ಅದರ ಎಕ್ಸ್‌ಪೋಶರ್ ಅನ್ನು ಮೂರು ಸ್ಟಾಪ್ ಏರಿಸಿ ನೆರಳಿನ ಭಾಗವನ್ನು ಪೂರ್ಣ ಗಾತ್ರದಲ್ಲಿ ನೋಡಿ. ಬಣ್ಣದ ಚುಕ್ಕೆಗಳು ಎದ್ದು ಕಾಣದೆ ಕಲ್ಲಿನ ಅಥವಾ ಮರದ ಮೇಲ್ಮೈ ಸ್ಪಷ್ಟವಾಗಿದ್ದರೆ ಆ ದೃಶ್ಯಕ್ಕೆ ಒಂದೇ ಫೈಲ್ ಸಾಕು. ಬಣ್ಣದ ಚುಕ್ಕೆಗಳೂ ಅಡ್ಡಗೆರೆಗಳೂ ಎದ್ದರೆ ಮಾತ್ರ ಬ್ರ್ಯಾಕೆಟಿಂಗ್‌ಗೆ, ಅಂದರೆ ಹೆಚ್ಚು ಕಡಿಮೆ ಬೆಳಕಿನ ಚಿತ್ರಗಳ ಸರಣಿ ತೆಗೆಯುವುದಕ್ಕೆ, ಹೋಗಿ.

ಮೊಬೈಲ್ ಬಳಸುವವರಿಗೆ ಒಂದು ಎಚ್ಚರಿಕೆ: ಈಗಿನ ಫೋನುಗಳು ಕೇಳದೆಯೇ ಹಲವು ಚಿತ್ರಗಳನ್ನು ಬೆಸೆದು ಕೊಡುತ್ತವೆ. ಹೀಗೆ ಬಂದ ಜೆಪೆಗ್ ಚಿತ್ರಗಳನ್ನು ಮತ್ತೊಮ್ಮೆ ಎಚ್‌ಡಿಆರ್ ತಂತ್ರಾಂಶಕ್ಕೆ ಹಾಕಿದರೆ ಒಮ್ಮೆ ಕುಗ್ಗಿದ ಅಂತರ ಇನ್ನಷ್ಟು ಕುಗ್ಗಿ ಚಿತ್ರ ಚಪ್ಪಟೆಯಾಗುತ್ತದೆ. ಫೋನಿನಲ್ಲಿ ಪ್ರೊ ಮೋಡ್ ಮತ್ತು ರಾ ಸೌಲಭ್ಯವಿದ್ದರೆ ಅದನ್ನೇ ಬಳಸಿ.

ಹಂತ 2: ಸಲಕರಣೆಗಳನ್ನು ಸಿದ್ಧಪಡಿಸಿಕೊಳ್ಳಿ

ರಾ ಫೈಲ್ ಕೊಡುವ ಕ್ಯಾಮೆರಾ, ಅಲುಗದ ಟ್ರೈಪಾಡ್, ರಿಮೋಟ್ ಅಥವಾ 2 ಸೆಕೆಂಡಿನ ಟೈಮರ್, ಲೆನ್ಸ್ ಒರೆಸುವ ಒಣ ಬಟ್ಟೆ. ಇಷ್ಟಿದ್ದರೆ ಸಾಕು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕಾಗುತ್ತದೆ; ಗರ್ಭಗುಡಿಯ ಚಿತ್ರ ತೆಗೆಯಬಹುದೇ ಎಂಬುದನ್ನು ಅರ್ಚಕರಲ್ಲಿ ಕೇಳಿಯೇ ಮುಂದುವರಿಯಿರಿ. ಅನುಮತಿ ಸಿಗದಿದ್ದಾಗ ಅಕ್ಕಿ ತುಂಬಿದ ಗಟ್ಟಿ ಬಟ್ಟೆಯ ಚೀಲವನ್ನು ನೆಲದ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಬಹುದು. ಇದರಿಂದ ಕಂಬಗಳು ಕೆಳಗಿನಿಂದ ಎತ್ತರವಾಗಿ ಕಾಣುವ ಕೋನವೂ ದೊರೆಯುತ್ತದೆ.

ಲೆನ್ಸಿನ ಬಟ್ಟೆಯನ್ನು ಮರೆಯಬೇಡಿ. ತಂಪಾದ ಕಾರಿನಿಂದ ತೇವದ ಗಾಳಿಗೆ ಇಳಿದ ಕೂಡಲೇ ಲೆನ್ಸಿನ ಮುಂಭಾಗಕ್ಕೆ ತೆಳುವಾದ ಹಬೆ ಕಟ್ಟುತ್ತದೆ. ಆ ಹಬೆಯಿಂದ ಆಕಾಶದ ಬೆಳಕು ಮರಗಳ ಅಂಚಿನ ಮೇಲೆ ಹರಡಿಕೊಳ್ಳುತ್ತದೆ. ಹೆಚ್ಚು ಬೆಳಕಿನ ಚಿತ್ರದಲ್ಲಿ ಈ ಹರಡುವಿಕೆ ಇನ್ನೂ ಹೆಚ್ಚು. ಬೆಸೆದ ಮೇಲೆ ಇದನ್ನು ತಂತ್ರಾಂಶದ ದೋಷವೆಂದು ತಿಳಿದು ತಡಕಾಡುವವರು ಅನೇಕರು. ಕ್ಯಾಮೆರಾವನ್ನು ಹೊರಗಿನ ಗಾಳಿಗೆ ಒಗ್ಗಲು ಕೆಲ ನಿಮಿಷ ಬಿಟ್ಟು, ಪ್ರತಿ ಸರಣಿಗೂ ಮುನ್ನ ಲೆನ್ಸ್ ನೋಡಿ.

ತಂತ್ರಾಂಶಗಳಲ್ಲಿ ಲೈಟ್‌ರೂಮ್ ಮತ್ತು ಫೋಟೊಮ್ಯಾಟಿಕ್ಸ್ ಹಣ ಕೊಟ್ಟು ಪಡೆಯುವಂಥವು. ಡಾರ್ಕ್‌ಟೇಬಲ್, ಹ್ಯೂಜಿನ್ ಜೊತೆಗೆ ಬರುವ ಎನ್‌ಫ್ಯೂಸ್, ಲ್ಯೂಮಿನನ್ಸ್ ಎಚ್‌ಡಿಆರ್, ಗಿಂಪ್ ಉಚಿತ. ಉಚಿತ ಸಾಧನಗಳಿಂದಲೂ ಹದವಾದ ಚಿತ್ರ ಖಂಡಿತ ಬರುತ್ತದೆ.

ಹಂತ 3: ಕ್ಯಾಮೆರಾವನ್ನು ಹೊಂದಿಸಿ

ಮೋಡ್ ಮ್ಯಾನುವಲ್ ಇರಲಿ. ಅಪರ್ಚರ್ (ಲೆನ್ಸಿನ ತೆರವು) ಎಫ್8ರ ಆಸುಪಾಸಿನಲ್ಲಿ ನಿಲ್ಲಲಿ. ಐಎಸ್‌ಒ 100ಕ್ಕೆ, ಅಥವಾ ನಿಮ್ಮ ಕ್ಯಾಮೆರಾದ ಮೂಲ ಐಎಸ್‌ಒಗೆ, ಕಟ್ಟಿಹಾಕಿ. ಸರಣಿಯ ಉದ್ದಕ್ಕೂ ಬದಲಾಗಬೇಕಾದದ್ದು ಶಟರ್ ವೇಗ, ಅಂದರೆ ಬೆಳಕು ಒಳಬರುವ ಹೊತ್ತು, ಮಾತ್ರ. ಅಪರ್ಚರ್ ಬದಲಿಸಿದರೆ ಫೋಕಸ್‌ನ ಆಳವೂ ಮೂಲೆಗಳ ಕಪ್ಪೂ ಚಿತ್ರದಿಂದ ಚಿತ್ರಕ್ಕೆ ಬದಲಾಗಿ ಅಂಚುಗಳು ಒಂದರ ಮೇಲೊಂದು ಕೂರುವುದಿಲ್ಲ.

ಆರಂಭಿಕರ ಸರಣಿಗಳು ವಿಫಲವಾಗಲು ಅತಿ ಸಾಮಾನ್ಯ ಕಾರಣ ಆಟೊ ಐಎಸ್‌ಒ. ಶಟರ್ ವೇಗ ಬದಲಿಸಿದಾಗಲೆಲ್ಲ ಕ್ಯಾಮೆರಾ ಐಎಸ್‌ಒ ಬದಲಿಸಿ ಬೆಳಕನ್ನು ಮತ್ತೆ ಸಮ ಮಾಡಿಬಿಡುತ್ತದೆ. ಫಲವಾಗಿ ಒಂದೇ ಬೆಳಕಿನ ನಾಲ್ಕು ಚಿತ್ರಗಳು ಬರುತ್ತವೆಯೇ ಹೊರತು ಸರಣಿ ಬರುವುದಿಲ್ಲ. ಅದನ್ನು ಮೊದಲು ಆಫ್ ಮಾಡಿ.

ಫೋಕಸ್ ಒಮ್ಮೆ ಹೊಂದಿಸಿದ ಮೇಲೆ ಮ್ಯಾನುವಲ್‌ಗೆ ತನ್ನಿ. ವೈಟ್ ಬ್ಯಾಲೆನ್ಸ್ ಅನ್ನು ಆಟೊ ಬಿಟ್ಟು ಒಂದಕ್ಕೆ ನಿಲ್ಲಿಸಿ. ನೆರಳನ್ನು ತಾನಾಗಿ ಎತ್ತುವ ಕ್ಯಾಮೆರಾದ ಒಳ ಸೌಲಭ್ಯಗಳು ಆರಿರಲಿ, ಏಕೆಂದರೆ ಅವು ಪರದೆಯ ಮೇಲಿನ ಹಿಸ್ಟೋಗ್ರಾಂ ಅನ್ನು ನಂಬಲಾಗದಂತೆ ಮಾಡುತ್ತವೆ. ದೀರ್ಘ ಎಕ್ಸ್‌ಪೋಶರ್‌ನ ನಾಯ್ಸ್ (ಬಣ್ಣದ ಚುಕ್ಕೆಗಳ) ಕಡಿತವೂ ಬೇಡ. ಅದು ಪ್ರತಿ ದೀರ್ಘ ಚಿತ್ರದ ನಂತರ ಅಷ್ಟೇ ಹೊತ್ತು ಕಾಯಿಸುತ್ತದೆ, ಅಷ್ಟರಲ್ಲಿ ಮೋಡ ಜರುಗಿರುತ್ತದೆ. ಟ್ರೈಪಾಡ್ ಮೇಲಿರುವಾಗ ಹಲವು ಲೆನ್ಸ್‌ಗಳಲ್ಲಿ ಸ್ಟೆಬಿಲೈಸೇಶನ್ (ಅಲುಗಾಟ ತಡೆ) ಆಫ್ ಮಾಡುವುದು ಒಳ್ಳೆಯದು.

ಹಂತ 4: ಬೆಳಕನ್ನು ಅಳೆದು ಸರಣಿಯನ್ನು ಲೆಕ್ಕ ಹಾಕಿ

ಹೆಚ್ಚಿನವರು ದಾಟಿಬಿಡುವ ಹಂತ ಇದು. ಆದರೆ ಮುಂದಿನ ಎಲ್ಲದರ ಗುಣಮಟ್ಟ ಇದರ ಮೇಲೆ ನಿಂತಿದೆ. ಬೆಳಕು ಅಳೆಯುವ ಕ್ಯಾಮೆರಾದ ಮೀಟರನ್ನು, ಒಂದು ಸಣ್ಣ ಜಾಗವನ್ನಷ್ಟೇ ಅಳೆಯುವ ಸ್ಪಾಟ್‌ಗೆ ಬದಲಿಸಿ, ಎರಡು ಕಡೆ ಮಾತ್ರ ಅಳೆಯಿರಿ: ವಿವರ ಉಳಿಯಲೇಬೇಕಾದ ಅತ್ಯಂತ ಬೆಳಕಿನ ಜಾಗ ಒಂದು, ವಿವರ ಕಾಣಬೇಕಾದ ಅತ್ಯಂತ ಕತ್ತಲೆಯ ಜಾಗ ಇನ್ನೊಂದು. ಇಲ್ಲಿ ಮುಖ್ಯವಾದ ಮಾತು ವಿವರ ಬೇಕೇ ಎಂಬುದು. ಸೂರ್ಯಬಿಂಬದಲ್ಲಿ ವಿವರ ಬೇಕಾಗಿಲ್ಲ; ಅದನ್ನು ಅಳೆಯಲು ಆಪ್ಟಿಕಲ್ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣಿಗೂ ಅಪಾಯ. ಹಾಗೆಯೇ ಒಳಕೋಣೆಯ ಬಾಗಿಲಿನಾಚೆಯ ಕತ್ತಲೆಯಲ್ಲಿಯೂ ವಿವರ ಬೇಕಾಗಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಲೆಕ್ಕ ಹಾಕೋಣ. ದೇವಸ್ಥಾನದ ಮಂಟಪದೊಳಗೆ ಎಫ್8, ಐಎಸ್‌ಒ 100ರಲ್ಲಿ ಬಾಗಿಲಾಚೆಯ ಬಿಸಿಲಿನ ಕಲ್ಲನ್ನು ಅಳೆದಾಗ ಮೀಟರ್ 1/500 ಸೆಕೆಂಡ್ ತೋರಿಸಿತು, ಮೂಲೆಯ ಕಂಬದ ಕೆತ್ತನೆಯನ್ನು ಅಳೆದಾಗ 2 ಸೆಕೆಂಡ್ ತೋರಿಸಿತು ಎಂದುಕೊಳ್ಳಿ. ಇವೆರಡರ ನಡುವೆ ಸುಮಾರು 10 ಸ್ಟಾಪ್ ಅಂತರ. ಇದನ್ನು ಕಂಡು ಗಾಬರಿಯಾಗಿ ಒಂಬತ್ತು ಹತ್ತು ಚಿತ್ರ ತೆಗೆಯುವವರಿದ್ದಾರೆ. ಅದು ಬೇಕಿಲ್ಲ.

ಮೀಟರ್ ತಾನು ಅಳೆದ ಜಾಗವನ್ನು ನಡು ಬೂದು ಬಣ್ಣಕ್ಕೆ ತರುವ ವೇಗವನ್ನು ಹೇಳುತ್ತದೆ. ಬಿಸಿಲಿನ ಕಲ್ಲು ನಡು ಬೂದಾಗಿ ಕಾಣಬೇಕಾಗಿಲ್ಲ. ಅದು ಬೆಳ್ಳಗೇ ಇರಬೇಕು. ಆದ್ದರಿಂದ ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಿ: 1/125. ಮೂಲೆಯ ಕಂಬವೂ ನಡು ಬೂದಾಗಬಾರದು; ಅದು ಕತ್ತಲೆಯಲ್ಲಿಯೇ ಇರಬೇಕು. ಆದ್ದರಿಂದ ಎರಡು ಸ್ಟಾಪ್ ಕಡಿಮೆ ಕೊಡಿ: 1/2 ಸೆಕೆಂಡ್. ಈಗ ಎರಡು ಸ್ಟಾಪ್ ಅಂತರದ ಸರಣಿ 1/125, 1/30, 1/8, 1/2 ಎಂದು ನಾಲ್ಕೇ ಚಿತ್ರಗಳಲ್ಲಿ ಮುಗಿಯುತ್ತದೆ. ಭದ್ರತೆಗೆ ಬೆಳಕಿನ ಕಡೆ 1/500ರ ಇನ್ನೊಂದನ್ನು ಸೇರಿಸಿಕೊಳ್ಳಬಹುದು.

ಹೀಗೆ ಲೆಕ್ಕ ಹಾಕುವುದರಿಂದ ಚಿತ್ರಗಳ ಸಂಖ್ಯೆ ಇಳಿಯುವುದಕ್ಕಿಂತ ದೊಡ್ಡ ಲಾಭ ಒಂದಿದೆ. ಯಾವುದು ಬೆಳ್ಳಗಿರಬೇಕು, ಯಾವುದು ಕಪ್ಪಗಿರಬೇಕು ಎಂಬ ತೀರ್ಮಾನವನ್ನು ದೃಶ್ಯದ ಎದುರು ನಿಂತೇ ಮಾಡಿರುತ್ತೀರಿ. ಮನೆಗೆ ಬಂದು ಪರದೆಯ ಮುಂದೆ ಕುಳಿತ ಮೇಲೆ ಈ ನೆನಪು ಬೇಗ ಮಸುಕಾಗುತ್ತದೆ. ಆದ್ದರಿಂದ ಬೆಳಕಿನ ತರತಮವನ್ನು ಫೋನಿನಲ್ಲಿ ಒಂದು ಸಾಲು ಬರೆದುಕೊಳ್ಳಿ: ಮೊದಲು ಬಾಗಿಲಾಚೆಯ ಅಂಗಳ, ನಂತರ ಹೊಸ್ತಿಲ ಮೇಲೆ ಬಿದ್ದ ಬಿಸಿಲು, ನಂತರ ನಡುವಿನ ಕಂಬಗಳು, ಕೊನೆಗೆ ಮೂಲೆ. ಹಂತ 8ರಲ್ಲಿ ಈ ಸಾಲು ಕೈಹಿಡಿಯುತ್ತದೆ.

ಹಂತ 5: ಸರಣಿಯನ್ನು ತೆಗೆಯಿರಿ

ಕ್ಯಾಮೆರಾದಲ್ಲಿ ಆಟೊ ಬ್ರ್ಯಾಕೆಟಿಂಗ್ ಇದ್ದರೆ ಎರಡು ಸ್ಟಾಪ್ ಅಂತರ ಕೊಟ್ಟು ನಿರಂತರ ಶೂಟಿಂಗ್‌ಗೆ ಇಡಿ. ಒಮ್ಮೆ ಒತ್ತಿದರೆ ಸರಣಿ ಮುಗಿಯುತ್ತದೆ. ಕೆಲವು ಆರಂಭಿಕ ಮಟ್ಟದ ಕ್ಯಾಮೆರಾಗಳಲ್ಲಿ ಈ ಸೌಲಭ್ಯವಿಲ್ಲ. ಅವುಗಳಲ್ಲಿ ಶಟರ್ ಚಕ್ರವನ್ನು ಕೈಯಿಂದ ತಿರುಗಿಸಬೇಕು: ಸಾಮಾನ್ಯವಾಗಿ ಮೂರು ಕ್ಲಿಕ್ ತಿರುಗಿಸಿದರೆ ಒಂದು ಸ್ಟಾಪ್, ಆರು ಕ್ಲಿಕ್‌ಗೆ ಎರಡು ಸ್ಟಾಪ್. ತಿರುಗಿಸುವಾಗ ಕ್ಯಾಮೆರಾ ಅಲುಗದಿರಲಿ.

ಕೈಯಲ್ಲೇ ಹಿಡಿದು ತೆಗೆಯಬೇಕಾದಾಗ ಕಂಬಕ್ಕೆ ಒರಗಿ ನಿಲ್ಲಿ. ಸರಣಿಯ ಅತಿ ನಿಧಾನದ ಚಿತ್ರವೂ ಕೈ ಅಲುಗಾಟಕ್ಕೆ ಸಿಗದಷ್ಟು ವೇಗದಲ್ಲಿರಬೇಕು; ಅದಕ್ಕಾಗಿ ಐಎಸ್‌ಒ ಏರಿಸಬೇಕಾದರೆ ಇಡೀ ಸರಣಿಗೆ ಒಂದೇ ಮಟ್ಟದಲ್ಲಿ ಏರಿಸಿ. ಹಳೆಯ ಮನೆಗಳ ಮಹಡಿಯಲ್ಲಿ ಟ್ರೈಪಾಡ್ ಇಟ್ಟಿದ್ದರೆ ಯಾರೂ ನಡೆದಾಡದಂತೆ ಕೇಳಿಕೊಳ್ಳಿ. ಮರದ ಹಲಗೆಯ ನೆಲ ಒಬ್ಬರ ನಡಿಗೆಗೂ ನಡುಗುತ್ತದೆ, ಅರ್ಧ ಸೆಕೆಂಡಿನ ಚಿತ್ರ ಅದರಿಂದಲೇ ಮಸುಕಾಗುತ್ತದೆ.

ಒಳಗೆ ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ಉರಿಯುತ್ತಿದ್ದರೆ ಇನ್ನೊಂದು ತೊಡಕಿದೆ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ವೇಗದ ಶಟರ್‌ನಲ್ಲಿ ಅಡ್ಡ ಪಟ್ಟಿಗಳು ಮೂಡುತ್ತವೆ. ದೀಪ ಆರಿಸಲು ಸಾಧ್ಯವಾದರೆ ಆರಿಸಿ. ಇಲ್ಲವಾದರೆ ದೀಪದ ಬೆಳಕು ಬಿದ್ದ ಭಾಗಕ್ಕೆ ಬಳಕೆಯಾಗುವ ಚಿತ್ರಗಳು 1/100, 1/50 ಅಥವಾ ಅದಕ್ಕಿಂತ ನಿಧಾನವಾಗಿರಲಿ.

ಚಲಿಸುವ ವಸ್ತುಗಳು ದೊಡ್ಡ ಸವಾಲು. ಸಕ್ರೆಬೈಲಿನಲ್ಲಿ ನೀರಿಗಿಳಿದ ಆನೆ, ಮಂಡಗದ್ದೆಯ ಹಕ್ಕಿಗಳು, ಗಾಳಿಗೆ ತೂಗುವ ಅಡಿಕೆ ಸೋಗೆ, ಇವೆಲ್ಲ ಪ್ರತಿ ಚಿತ್ರದಲ್ಲೂ ಬೇರೆ ಜಾಗದಲ್ಲಿರುತ್ತವೆ. ಬೆಸೆದಾಗ ಒಂದೇ ಆನೆಗೆ ಎರಡು ಸೊಂಡಿಲಿನ ಛಾಯೆ ಬರುತ್ತದೆ. ಇದನ್ನು ಗೋಸ್ಟಿಂಗ್ ಎನ್ನುತ್ತಾರೆ. ಪ್ರಾಣಿಗೆ, ಹಕ್ಕಿಗೆ, ಮನುಷ್ಯರ ಮುಖಕ್ಕೆ ಎಚ್‌ಡಿಆರ್ ಬೇಡವೇ ಬೇಡ. ಸೋಗೆಗೆ ಗಾಳಿ ನಿಲ್ಲುವವರೆಗೆ ಕಾಯಿರಿ. ತೋಟದಲ್ಲಿ ಗಾಳಿ ಅಲೆಯಂತೆ ಬಂದು ಹೋಗುತ್ತದೆ, ನಡುವೆ ಕೆಲ ಕ್ಷಣಗಳ ಬಿಡುವು ಸಿಗುತ್ತದೆ.

ಜೋಗದಂಥ ಜಲಪಾತದಲ್ಲಿ ಬೇರೆಯೇ ಉಪಾಯ ಬೇಕು. ರಾಜ, ರಾಣಿ, ರೋರರ್, ರಾಕೆಟ್ ಕವಲುಗಳ ಬಿಳಿ ನೀರು ಒದ್ದೆ ಕಪ್ಪು ಬಂಡೆಯ ಮೇಲೆ ಬೀಳುವಾಗ ಅಂತರ ದೊಡ್ಡದೇ ಇರುತ್ತದೆ. ಆದರೆ 1/500ರಲ್ಲಿ ಹನಿಹನಿಯಾಗಿ ನಿಂತ ನೀರನ್ನೂ 1/8ರಲ್ಲಿ ನೂಲಿನಂತೆ ಎಳೆದ ನೀರನ್ನೂ ತಂತ್ರಾಂಶ ಬೆರೆಸಿದರೆ ಎರಡೂ ಅಲ್ಲದ ಮಬ್ಬು ಉಳಿಯುತ್ತದೆ. ಆದ್ದರಿಂದ ಸರಣಿ ಮುಗಿದ ಮೇಲೆ ನೀರಿಗೆಂದೇ, ನೀರು ಸುಟ್ಟುಹೋಗದ ಹಾಗೂ ಅದರ ಹರಿವು ನಿಮಗೆ ಹಿಡಿಸುವ ವೇಗದಲ್ಲಿ, ಇನ್ನೊಂದು ಚಿತ್ರ ತೆಗೆದಿಟ್ಟುಕೊಳ್ಳಿ. ಬಂಡೆ ಮತ್ತು ಕಾಡು ಬೆಸೆದ ಚಿತ್ರದಿಂದ ಬರಲಿ, ನೀರು ಈ ಒಂದೇ ಚಿತ್ರದಿಂದ ಬರಲಿ.

ಹಂತ 6: ಬೆಸೆಯುವ ಮೊದಲು ಶುಚಿಗೊಳಿಸಿ

ಮಸುಕಾದ ಚಿತ್ರವನ್ನು ಸರಣಿಯಿಂದ ಕೈಬಿಡಿ. ಉಳಿದವುಗಳಿಗೆಲ್ಲ ಒಂದೇ ವೈಟ್ ಬ್ಯಾಲೆನ್ಸ್ ಕೊಟ್ಟು, ಲೆನ್ಸ್ ಪ್ರೊಫೈಲ್ ಮತ್ತು ಕ್ರೊಮ್ಯಾಟಿಕ್ ಅಬರೇಶನ್ (ಅಂಚಿನ ಬಣ್ಣದ ಗೆರೆ) ತಿದ್ದುಪಡಿಯನ್ನು ಈಗಲೇ ಮಾಡಿ. ಆಕಾಶದ ಎದುರಿನ ಎಲೆಯಂಚಿನಲ್ಲಿ ಇರುವ ನೇರಳೆ ಗೆರೆ ಈಗ ಕೂದಲೆಳೆಯಷ್ಟಿದ್ದರೂ ಟೋನ್ ಮ್ಯಾಪಿಂಗ್ (ಬೆಳಕಿನ ಅಂತರವನ್ನು ಪರದೆಗೆ ಹೊಂದುವಂತೆ ಕುಗ್ಗಿಸುವುದು) ಆದ ಮೇಲೆ ಎದ್ದು ಕಾಣುತ್ತದೆ. ಶಾರ್ಪನಿಂಗ್ ಈಗ ಬೇಡ.

ಹಂತ 7: ಚಿತ್ರಗಳನ್ನು ಬೆಸೆಯಿರಿ

ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಲೈಟ್‌ರೂಮ್‌ನ ಫೋಟೊ ಮರ್ಜ್ ಮೂಲಕ ಎಚ್‌ಡಿಆರ್ ಫೈಲ್ ಮಾಡುವುದು. ಅದು ಕೊಡುವ ಡಿಎನ್‌ಜಿ ಫೈಲ್ ರಾ ಫೈಲಿನಂತೆಯೇ ತಿದ್ದಲು ಸಿಗುತ್ತದೆ, ಆದರೆ ಹೆಚ್ಚು ಬೆಳಕಿನ ಅಂತರವನ್ನು ಒಳಗೊಂಡಿರುತ್ತದೆ. ಇಲ್ಲಿ ಆಟೊ ಅಲೈನ್ ಆನ್ ಇರಲಿ, ಆಟೊ ಸೆಟ್ಟಿಂಗ್ಸ್ ಆಫ್ ಮಾಡಿ. ತಾನಾಗಿ ಹೊಂದಿಸಲು ಬಿಟ್ಟರೆ ನೆರಳು ತುಂಬ ಮೇಲೇಳುತ್ತದೆ, ಒಮ್ಮೆ ಆ ಬೆಳಗಿದ ಚಿತ್ರ ನೋಡಿದ ಕಣ್ಣು ಅದನ್ನೇ ಸರಿಯೆಂದು ಒಪ್ಪಿಕೊಂಡುಬಿಡುತ್ತದೆ. ಡಿಗೋಸ್ಟ್ ಮಟ್ಟವನ್ನು ಮೊದಲು ಯಾವುದೂ ಇಲ್ಲದ ಸ್ಥಿತಿಯಲ್ಲಿಟ್ಟು ನೋಡಿ, ಚಲನೆಯ ಛಾಯೆ ಕಂಡರಷ್ಟೇ ಕನಿಷ್ಠಕ್ಕೆ ಏರಿಸಿ. ಅದು ಕೆಲಸ ಮಾಡಿದ ಕಡೆ ಒಂದೇ ಚಿತ್ರದ ಮಾಹಿತಿ ಬಳಕೆಯಾಗುವುದರಿಂದ, ಅಗತ್ಯಕ್ಕಿಂತ ಏರಿಸಿದರೆ ನೆರಳಿನ ತುಂಡುಗಳಲ್ಲಿ ನಾಯ್ಸ್ ತೇಪೆಯಂತೆ ಕಾಣುತ್ತದೆ.

ಎರಡನೆಯದು ಎಕ್ಸ್‌ಪೋಶರ್ ಫ್ಯೂಶನ್. ಎನ್‌ಫ್ಯೂಸ್ ಮಾಡುವುದು ಇದನ್ನೇ: ಪ್ರತಿ ಚಿತ್ರದ ಯಾವ ಭಾಗ ಚೆನ್ನಾಗಿ ಬೆಳಕು ಕಂಡಿದೆಯೋ ಅದಕ್ಕೆ ಹೆಚ್ಚು ಪಾಲು ಕೊಟ್ಟು ನೇರವಾಗಿ ಬೆರೆಸುತ್ತದೆ. ಫಲಿತಾಂಶ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ತಾನಾಗಿಯೇ ಹದದಲ್ಲಿ ನಿಲ್ಲುವ ದಾರಿ ಬೇಕೆನ್ನುವ ಹೊಸಬರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಮೂರನೆಯದು ಗಿಂಪ್ ಅಥವಾ ಫೋಟೊಶಾಪ್‌ನಲ್ಲಿ ಲೇಯರ್ (ಪದರ) ಮತ್ತು ಮಾಸ್ಕ್ (ಮೇಲಿನ ಪದರದ ಯಾವ ಭಾಗ ಕಾಣಬೇಕೆಂದು ತೀರ್ಮಾನಿಸುವ ಮುಸುಕು) ಮೂಲಕ ಕೈಯಿಂದ ಬೆರೆಸುವುದು. ನಡುವಿನ ಚಿತ್ರವನ್ನು ಕೆಳಗಿಟ್ಟು, ಕಡಿಮೆ ಬೆಳಕಿನ ಚಿತ್ರವನ್ನು ಮೇಲಿಟ್ಟು, ಕಪ್ಪು ಮಾಸ್ಕ್ ಹಾಕಿ, ಶೇಕಡಾ 10ರಿಂದ 20ರ ಒಪ್ಯಾಸಿಟಿಯ (ಗಾಢತೆಯ) ಮೆದು ಅಂಚಿನ ಬಿಳಿ ಕುಂಚದಿಂದ ಬಾಗಿಲು ಅಥವಾ ಆಕಾಶದ ಭಾಗವನ್ನಷ್ಟೇ ನಿಧಾನವಾಗಿ ತೆರೆಯಿರಿ. ಹೊತ್ತು ಹಿಡಿಯುತ್ತದೆ, ಆದರೆ ತರತಮ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ. ಜೋಗದ ನೀರನ್ನು ಸೇರಿಸುವುದೂ ಈ ದಾರಿಯಲ್ಲೇ.

ಹಂತ 8: ಟೋನ್ ಹೊಂದಿಸಿ

ಹೆಚ್ಚಿನ ಚಿತ್ರಗಳು ಕೆಡುವುದು ಇಲ್ಲಿ. ಆದ್ದರಿಂದ ಕ್ರಮವನ್ನು ಮೀರಬೇಡಿ. ಮೊದಲು ಎಕ್ಸ್‌ಪೋಶರ್ ಅನ್ನು ನಡುವಿನ ಭಾಗಕ್ಕೆ ಸರಿಹೊಂದಿಸಿ. ಆಮೇಲೆ ಹೈಲೈಟ್ಸ್ ಇಳಿಸಿ, ಬಾಗಿಲಾಚೆ ಏನಿದೆಯೆಂದು ತಿಳಿಯುವಷ್ಟಾದರೆ ನಿಲ್ಲಿಸಿ. ನಂತರ ಶ್ಯಾಡೋಸ್ ಏರಿಸಿ. ಮೂಲೆಯ ಕಂಬದ ಕೆತ್ತನೆ ಇದೆಯೆಂದು ಗೊತ್ತಾಗಬೇಕು, ಬೆರಳಿಟ್ಟು ಎಣಿಸುವಂತಾಗಬಾರದು. ಆನಂತರ ಬ್ಲ್ಯಾಕ್ಸ್ ಅನ್ನು ಕೆಳಗಿಳಿಸಿ ಚಿತ್ರದ ಎಲ್ಲೋ ಒಂದು ಕಡೆಯಾದರೂ ನಿಜವಾದ ಕಪ್ಪು ಉಳಿಯುವಂತೆ ಮಾಡಿ. ಕಪ್ಪಿಲ್ಲದ ಚಿತ್ರಕ್ಕೆ ಬೆನ್ನೆಲುಬಿಲ್ಲ. ಕೊನೆಗೆ ವೈಟ್ಸ್ (ಅತಿ ಬೆಳಕಿನ ಭಾಗ) ಹೊಂದಿಸಿ.

ಹಂತ 4ರಲ್ಲಿ ಬರೆದುಕೊಂಡ ತರತಮದ ಸಾಲನ್ನು ಈಗ ತೆಗೆಯಿರಿ. ತೊಟ್ಟಿ ಮನೆಯ ಚಿತ್ರವಾದರೆ ಅಂಗಳ ಎಲ್ಲಕ್ಕಿಂತ ಬೆಳಕು, ಜಗಲಿಯ ಅಂಚು ಅದಕ್ಕಿಂತ ಕಡಿಮೆ, ಜಗಲಿಯ ಗೋಡೆ ಇನ್ನೂ ಕಡಿಮೆ, ಅಡುಗೆಮನೆಯ ಬಾಗಿಲು ಬಹುತೇಕ ಕಪ್ಪು. ಅಡುಗೆಮನೆಯ ಒಳಗೂ ಪಾತ್ರೆಗಳು ಹೊಳೆಯುತ್ತಿದ್ದರೆ ಆ ಮನೆಯಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ ಎಂಬುದೇ ನೋಡುಗರಿಗೆ ತಿಳಿಯದು. ಹೊಗೆಗೆ ಕಪ್ಪಾದ ತೊಲೆ ಕಪ್ಪಾಗಿಯೇ ಇರಲಿ.

ಬಿಳಿ ಅಂಚು ಏಕೆ ಬರುತ್ತದೆ ಎಂಬುದನ್ನು ತಿಳಿದರೆ ತಡೆಯುವುದು ಸುಲಭ. ಸ್ಥಳೀಯ ಟೋನ್ ಮ್ಯಾಪಿಂಗ್‌ನಲ್ಲಿ ತಂತ್ರಾಂಶ ಪ್ರತಿ ಬಿಂದುವನ್ನು ಅದರ ಸುತ್ತಲಿನ ಸರಾಸರಿ ಬೆಳಕಿನೊಂದಿಗೆ ಹೋಲಿಸಿ ಎಷ್ಟು ಏರಿಸಬೇಕೆಂದು ತೀರ್ಮಾನಿಸುತ್ತದೆ. ಕಪ್ಪು ಮರದ ಪಕ್ಕದ ಆಕಾಶದಲ್ಲಿ ಆ ಸರಾಸರಿಗೆ ಮರದ ಕಪ್ಪೂ ಸೇರಿ ಇಳಿದುಬಿಡುತ್ತದೆ. ತಂತ್ರಾಂಶ ಅಲ್ಲಿ ಕತ್ತಲೆಯಿದೆಯೆಂದು ಬಗೆದು ಆಕಾಶವನ್ನು ಇನ್ನಷ್ಟು ಬೆಳಗಿಸುತ್ತದೆ. ಬಿಳಿ ಮೋಡ ಬೂದಾಗುವುದು ಇದರ ಇನ್ನೊಂದು ಮುಖ: ಸುತ್ತಲೂ ಬೆಳಕೇ ಇರುವುದರಿಂದ ಮೋಡವನ್ನು ನಡು ಬೂದಿನ ಕಡೆಗೆ ಎಳೆಯಲಾಗುತ್ತದೆ. ಫೋಟೊಮ್ಯಾಟಿಕ್ಸ್‌ನಲ್ಲಿ ಸ್ಟ್ರೆಂತ್ ಅನ್ನು ತಗ್ಗಿಸುವುದು, ಲೈಟ್‌ರೂಮ್‌ನಲ್ಲಿ ಹೈಲೈಟ್ಸ್, ಶ್ಯಾಡೋಸ್ ಎರಡನ್ನೂ ಕೊನೆಯವರೆಗೆ ಎಳೆಯದಿರುವುದು ಇದಕ್ಕೆ ಮದ್ದು.

ಮೇಲ್ಮೈಯ ವಿವರ ಎತ್ತಿ ತೋರಿಸುವ ಕ್ಲಾರಿಟಿ ಮತ್ತು ಮಬ್ಬು ತೆಗೆಯುವ ಡಿಹೇಜ್ ಬಗ್ಗೆ ಕಟ್ಟುನಿಟ್ಟಾಗಿರಿ. ಆಗುಂಬೆಯ ಸೂರ್ಯಾಸ್ತದಲ್ಲಿ ಒಂದರ ಹಿಂದೆ ಒಂದು ಬೆಟ್ಟ ದೂರ ಹೋದಂತೆ ತೆಳುವಾಗುತ್ತದೆ, ಕಣ್ಣಿಗೆ ದೂರದ ಅರಿವು ಕೊಡುವುದು ಆ ತೆಳುವೇ. ಡಿಹೇಜ್ ಏರಿಸಿದರೆ ಎಲ್ಲ ಸಾಲುಗಳೂ ಒಂದೇ ಗೋಡೆಯಾಗುತ್ತವೆ. ಕ್ಲಾರಿಟಿ ಬೇಕಾದರೆ ಹತ್ತಿರದ ಕಲ್ಲು, ಮರ, ಜಂಬಿಟ್ಟಿಗೆಯ ಮೇಲೆ ಮಾಸ್ಕ್ ಮಾಡಿ ಸ್ವಲ್ಪ ಕೊಡಿ, ಆಕಾಶಕ್ಕೆ ಕೊಡಬೇಡಿ.

ಎಷ್ಟು ಇಳಿಸಿದರೂ ಚಿತ್ರ ಅತಿಯೆನಿಸುತ್ತಿದ್ದರೆ ಒಂದು ಉಪಾಯವಿದೆ. ಸರಣಿಯ ನಡುವಿನ ಚಿತ್ರವನ್ನು ಸಹಜವಾಗಿ ತಿದ್ದಿ ಕೆಳಗಿನ ಲೇಯರ್ ಮಾಡಿ, ಎಚ್‌ಡಿಆರ್ ಚಿತ್ರವನ್ನು ಮೇಲಿಟ್ಟು ಅದರ ಒಪ್ಯಾಸಿಟಿಯನ್ನು ಶೇಕಡಾ 30ರಿಂದ 50ಕ್ಕೆ ಇಳಿಸಿ. ಬಹಳಷ್ಟು ಚಿತ್ರಗಳು ಅಲ್ಲಿಯೇ ಸರಿಹೋಗುತ್ತವೆ.

ಹಂತ 9: ಬಣ್ಣಗಳನ್ನು ಹದಕ್ಕೆ ತನ್ನಿ

ಕಾಂಟ್ರಾಸ್ಟ್ ಹೆಚ್ಚಿದಾಗ ಬಣ್ಣವೂ ತಾನಾಗಿ ಗಾಢವಾಗುತ್ತದೆ. ಮಲೆನಾಡಿನಲ್ಲಿ ಇದರ ಮೊದಲ ಬಲಿ ಹಸಿರು. ಹಳದಿ ಮತ್ತು ಹಸಿರು ಎರಡರ ಸ್ಯಾಚುರೇಶನ್ ಅನ್ನೂ 10ರಿಂದ 20ರಷ್ಟು ಇಳಿಸಿ ನೋಡಿ. ಎಲೆಗಳ ಹಸಿರಿನಲ್ಲಿ ಹಳದಿಯ ಪಾಲೇ ದೊಡ್ಡದು ಎಂಬುದನ್ನು ಮರೆತು ಹಸಿರನ್ನು ಮಾತ್ರ ಇಳಿಸುವವರಿಗೆ ಫಲ ಸಿಗುವುದಿಲ್ಲ. ನಾಟಿ ಮುಗಿದ ಗದ್ದೆಯ ಎಳೆ ಹಸಿರು, ತೋಟದ ಕಡು ಹಸಿರು, ಕಾನಿನ ಮಬ್ಬು ಹಸಿರು ಮೂರೂ ಬೇರೆಬೇರೆಯಾಗಿ ಕಾಣಬೇಕು. ಜಂಬಿಟ್ಟಿಗೆಯ ಗೋಡೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಕಿತ್ತಳೆಯನ್ನೂ ಇಳಿಸಿ.

ಮೇಲೆತ್ತಿದ ನೆರಳು ನೀಲಿಯಾಗುವುದು ಸಹಜ, ಏಕೆಂದರೆ ತೆರೆದ ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ. ತುಸು ನೀಲಿ ಉಳಿದರೆ ತಪ್ಪಿಲ್ಲ. ಜಗಲಿಯಲ್ಲಿ ಹಳದಿ ಬಲ್ಬೂ ಹೊರಗೆ ಹಗಲೂ ಇದ್ದಾಗ ಎರಡನ್ನೂ ಪೂರ್ತಿ ಬಿಳಿ ಮಾಡಲು ಹೊರಡಬೇಡಿ. ಹೊರಗಿನದನ್ನು ಸರಿಮಾಡಿ, ಬಲ್ಬಿನ ಹಳದಿಯನ್ನು ಅರ್ಧದಷ್ಟು ಉಳಿಸಿ.

ಹಂತ 10: ಎಚ್ಚರಿಕೆಯ ಚಿಹ್ನೆಗಳನ್ನು ಹುಡುಕಿ, ನಂತರ ಉಳಿಸಿ

ಮುಗಿಯಿತೆಂದ ಚಿತ್ರವನ್ನು ಒಂದು ರಾತ್ರಿ ಹಾಗೆಯೇ ಬಿಡಿ. ಮರುದಿನ ಮೊದಲು ಅದನ್ನು ಕಪ್ಪು ಬಿಳುಪಿಗೆ ತಂದು, ಅಂಚೆಚೀಟಿಯಷ್ಟು ಚಿಕ್ಕದಾಗಿಸಿ ನೋಡಿ. ಬೆಳಕು ಎಲ್ಲಿಂದ ಬರುತ್ತಿದೆಯೆಂದು ಆ ಗಾತ್ರದಲ್ಲೂ ಒಡನೆ ತಿಳಿಯಬೇಕು. ತಿಳಿಯದೆ ಇಡೀ ಚಿತ್ರ ಒಂದೇ ಬೂದಾಗಿ ಕಂಡರೆ ಹಂತ 8ಕ್ಕೆ ಹಿಂದಿರುಗಿ.

ನೀರಿರುವ ಚಿತ್ರಗಳಿಗೆ ತಪ್ಪದ ಪರೀಕ್ಷೆಯೊಂದಿದೆ. ತುಂಗೆಯಲ್ಲಾಗಲಿ, ಶರಾವತಿಯ ಹಿನ್ನೀರಿನಲ್ಲಾಗಲಿ, ನೀರು ನಿಂತ ಗದ್ದೆಯಲ್ಲಾಗಲಿ, ಪ್ರತಿಬಿಂಬ ತಾನು ತೋರಿಸುವ ಆಕಾಶಕ್ಕಿಂತ ಎಂದೂ ಹೆಚ್ಚು ಬೆಳಗಿರುವುದಿಲ್ಲ. ನೀರು ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಕಳಿಸುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಅದು ಕಪ್ಪಾಗಿಯೇ ಇರುತ್ತದೆ. ನಿಮ್ಮ ಚಿತ್ರದಲ್ಲಿ ನೀರಿನೊಳಗಿನ ಮೋಡ ಮೇಲಿನ ಮೋಡಕ್ಕಿಂತ ಬೆಳ್ಳಗಿದ್ದರೆ ತರತಮ ತಿರುವುಮುರುವಾಗಿದೆ.

ಆಮೇಲೆ ಪೂರ್ಣ ಗಾತ್ರದಲ್ಲಿ ಮರಗಳ ಅಂಚು, ಹೆಂಚಿನ ಸಾಲು, ಗೋಪುರದ ತುದಿ ಇವುಗಳ ಉದ್ದಕ್ಕೂ ಕಣ್ಣು ಹಾಯಿಸಿ. ಬಿಳಿ ಅಂಚು, ಎರಡು ಪದರದ ಎಲೆ, ಆಕಾಶದಲ್ಲಿ ಕಾಳುಕಾಳಾದ ನಾಯ್ಸ್ ಇವು ಕಂಡಲ್ಲಿ ಆ ಭಾಗವನ್ನು ಒಂದೇ ಮೂಲ ಚಿತ್ರದಿಂದ ಮಾಸ್ಕ್ ಮಾಡಿ ತುಂಬಿ.

ತಿದ್ದಿದ ಮೂಲವನ್ನು 16 ಬಿಟ್ ಟಿಫ್ ಆಗಿ ಇಟ್ಟುಕೊಂಡು, ಹಂಚಿಕೊಳ್ಳಲು ಎಸ್‌ಆರ್‌ಜಿಬಿ ಜೆಪೆಗ್ ಮಾಡಿ. ಎಚ್‌ಡಿಆರ್ ಪರದೆಗೆಂದು ಉಳಿಸುವ ಹೊಸ ಆಯ್ಕೆ ಬೇರೆ ವಿಷಯ. ಅದು ಪರದೆಯ ಹೊಳಪನ್ನೇ ಹೆಚ್ಚಾಗಿ ಬಳಸುತ್ತದೆ. ಆ ಸೌಲಭ್ಯವಿಲ್ಲದ ಫೋನಿನಲ್ಲಿ ಅದೇ ಚಿತ್ರ ಬೇರೆಯಾಗಿ ಕಾಣುತ್ತದೆ. ಮುದ್ರಿಸುವುದಾದರೆ, ಕಾಗದ ಪರದೆಯಷ್ಟು ಅಂತರವನ್ನು ತೋರಿಸಲಾರದ ಕಾರಣ ನೆರಳು ಇನ್ನೂ ಮುಚ್ಚಿಕೊಳ್ಳುತ್ತದೆ. ದೊಡ್ಡ ಪ್ರತಿಗೆ ಮುನ್ನ ಚಿತ್ರದ ಅತಿ ಕತ್ತಲೆಯ ಭಾಗವನ್ನು ಮಾತ್ರ ಒಂದು ಸಣ್ಣ ಪಟ್ಟಿಯಾಗಿ ಮುದ್ರಿಸಿ, ಹಗಲು ಬೆಳಕಿನಲ್ಲಿ ಹಿಡಿದು ನೋಡಿ, ಅಗತ್ಯವಿದ್ದರೆ ಮುದ್ರಣದ ಪ್ರತಿಯಲ್ಲಷ್ಟೇ ಶ್ಯಾಡೋಸ್ ತುಸು ಏರಿಸಿ.